ಹಳೆ ಫೈಲು ಮತ್ತು ಬಾಜೂ ಕುರ್ಚಿ

ಗೆಳತಿಯರೇ, ಇಂದು ಗೋಕಾಕದ ಕಂಪ್ಯೂಟರ್ ಕ್ಲಾಸಿನಲ್ಲಿ ನನಗೆ ಸುಮ್ಮನಿರಲು ಆಗಲಿಲ್ಲ. ಎಲ್ಲರಿಗೂ ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶವನ್ನು ಕನ್ನಡಕ್ಕೆ ತರುವ ನಮ್ಮ ಗುಂಪಿಗೆ ಮೇಲವಂಕಿಯ ಶೋಭಾ ಹೊಸದಾಗಿ ಬಂದಿದ್ದಾಳೆ. ಪಾಪ, ಎಂಟು ದಿನ ಕುಳಿತು ಹೊಸ ಆವೃತ್ತಿ ಬಂದದ್ದು ಗೊತ್ತಿಲ್ಲದೆ ಹಳೆಯ ಫೈಲನ್ನೇ ಅನುವಾದಿಸಿದ್ದಳು. ಗುಂಪು ನೋಡಿಕೊಳ್ಳುವ ಮಹಾವೀರ ಎಲ್ಲರೆದುರೇ ಅಂದ: "ಇದು ನಡಿಯಂಗಿಲ್ಲ. ನಿಯಮ ಮೊದಲ ಓದ್ಕೊಂಡ ಬರ್ರಿ."

ಶೋಭಾ ಚೀಲ ಎತ್ತಿಕೊಂಡಳು. "ನಾಳಿಂದ ನಾ ಬರಂಗಿಲ್ರಿ ಅಕ್ಕಾರ."

"ಕುಂದರ ತಂಗಿ," ಎಂದೆ. "ಮಹಾವೀರಾ, ನಮ್ಮ ಭಜನ್ಯಾಗ ಹೊಸಬರು ತಾಳ ತಪ್ಪಿದ್ರ ಎಬ್ಬಿಸಿ ಕಳಸಂಗಿಲ್ಲಪಾ. ಬಾಜೂ ಕುಂತಾಕಿ ಅವರ ಮೊಣಕಾಲ ಮ್ಯಾಲ ತಾಳ ತಟ್ಟತಾಳ."

"ಕಲಿಸಾಕ ಯಾರಿಗೆ ಟೈಮ್ ಐತ್ರಿ?"

"ನಿನ್ನ ಮೊದಲನೇ ಅನುವಾದ ಕುಂತ ತಿದ್ದಿದಾಕಿ ನಾನ. ಆಗ ನನಗೂ ಇರಲಿಲ್ಲ."

ನಾನು ಶೋಭಾಳ ಪಕ್ಕ ಕುಳಿತು ಹೊಸ ಫೈಲು ತೆರೆಸಿದೆ. ಅವಳು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಹಾಗೆಯೇ ಉಪಯೋಗಕ್ಕೆ ಬಂತು. ಉಳಿದದ್ದನ್ನು ಸಂಜೆಯೊಳಗೆ ಅವಳೇ ಮುಗಿಸಿದಳು, ಮಹಾವೀರನೂ ಒಪ್ಪಿದ.

ಹೊರಡುವಾಗ ಮೆಲ್ಲಗೆ ಅಂದ: "ಅಕ್ಕಾರ, ಹುಕ್ಕೇರಿಯಿಂದ ಇನ್ನೂ ಇಬ್ಬರು ಬರಾವ್ರದಾರ. ಅವರಿಗೂ ನೀವ ಕಲಿಸ್ರಿ."

ದೇವರು ಮೆಚ್ಚುವ ಕೆಲಸ, ಒಲ್ಲೆ ಎನ್ನಲಿಲ್ಲ. ಒಬ್ಬರಿಗೆ ನಾನು ಕಲಿಸುತ್ತೇನೆ. ಇನ್ನೊಬ್ಬರಿಗಾಗಿ ಮಹಾವೀರನ ಬಾಜೂಕ್ಕೇ ಕುರ್ಚಿ ಎಳೆದಿಟ್ಟು ಬಂದಿದ್ದೇನೆ.