ಐಡಲ್‌ನಲ್ಲಿ ಪ್ಲಸ್ ಮೂವತ್ತೊಂದು

ಯಂತ್ರ ಎಂದಿಗೂ ಸುಳ್ಳು ಹೇಳುವುದಿಲ್ಲ, ಹೇಳುವವನು ಮನುಷ್ಯ ಮಾತ್ರ. ಮೂವತ್ತು ವರ್ಷ ಈ ಮಾತನ್ನು ಗ್ರಾಹಕರಿಗೆ ಗಂಭೀರವಾಗಿ ಹೇಳಿಕೊಂಡು ಬಂದೆ. ನನ್ನ ಸ್ವಂತ ಕಾರಿನ ಪೆಟ್ರೋಲ್ ಮುಳ್ಳು ಏಳು ವರ್ಷದಿಂದ ಅರ್ಧ ಟ್ಯಾಂಕಿನಲ್ಲೇ ನಿಂತಿದೆ ಎಂಬುದು ಬೇರೆ ವಿಷಯ.

2023ರ ಅಕ್ಟೋಬರ್. ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನ ಒಂದು ಗ್ಯಾರೇಜಿನಲ್ಲಿ ನಾನು ಹಿರಿಯ ಡಯಾಗ್ನಸ್ಟಿಕ್ ಟೆಕ್ನಿಷಿಯನ್. ಅಂದರೆ ಸ್ಪಾನರ್ ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಸ್ಕ್ರೀನ್ ನೋಡಿ ತಲೆಯಾಡಿಸುವ ಹುದ್ದೆ. ನವರಾತ್ರಿ ಮುಗಿದಿತ್ತು. ಸೌತ್‌ಲೇಕಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ವನಿತಾ ಎಂಬವರು, ಎಂಜಿನ್ ಲೈಟ್ ಹತ್ತಿದೆ ಎಂದು ಕಾರು ತಂದರು.

ಎಂಜಿನ್ನಿಗೆ ಹೋಗುವ ಗಾಳಿಯನ್ನು ಒಂದು ಸೆನ್ಸರ್ ಅಳೆಯುತ್ತದೆ. ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಡಿಸುತ್ತದೆ. ಹೊರಬಿದ್ದ ಹೊಗೆಯನ್ನು ಪರೀಕ್ಷಿಸಿ, ಬಡಿಸಿದ್ದು ಹೆಚ್ಚೋ ಕಡಿಮೆಯೋ ಎಂದು ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಯ ಶೇಕಡಾ ಲೆಕ್ಕವೇ ಫ್ಯುಯೆಲ್ ಟ್ರಿಮ್. ಸೊನ್ನೆಯ ಆಚೀಚೆ ಇದ್ದರೆ ಕ್ಷೇಮ; ಪ್ಲಸ್ ಏರಿದಷ್ಟೂ ಕಂಪ್ಯೂಟರ್ ಹೆಚ್ಚುವರಿ ಪೆಟ್ರೋಲ್ ಬಡಿಸುತ್ತಿದೆ ಎಂದರ್ಥ. ಇವರ ಕಾರಿನಲ್ಲಿ ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ, ಪ್ಲಸ್ ಹದಿನೆಂಟು.

"ಬೇರೆ ಯಾರಾದ್ರೂ ರಿಪೇರಿಗೆ ಕೈ ಹಾಕಿದ್ರಾ?" ಎಂದು ಪದ್ಧತಿಯಂತೆ ಕೇಳಿದೆ.

"ಇಲ್ಲ ಅಂಕಲ್, ಯಾರೂ ಇಲ್ಲ."

ಗಾಳಿಯ ಸೆನ್ಸರ್ ಕೆಟ್ಟಿದೆ ಎಂದು ತೀರ್ಪಿತ್ತು ಹೊಸದು ಹಾಕಿದೆ. ಅಷ್ಟರಲ್ಲಿ ತಣ್ಣಗಾಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದೆ, ಸೊನ್ನೆ ಕಂಡಿತು, ಬೀಗದ ಕೈ ಕೊಟ್ಟೆ. ತಣ್ಣಗಿನ ಎಂಜಿನ್ ತಿದ್ದುಪಡಿಗೆ ಇಳಿಯುವುದೇ ಇಲ್ಲ, ಹಾಗಾಗಿ ಅಲ್ಲಿ ಸೊನ್ನೆಗೆ ಅರ್ಥವಿಲ್ಲ. ಅದು ನನಗೆ ಗೊತ್ತಿತ್ತು. ಬಿಸಿಯಾಗಲು ಕಾಯಲಿಲ್ಲ.

ಐದನೆಯ ದಿನ ಕಾರು ಟೋ ಟ್ರಕ್ಕಿನ ಮೇಲೆ ವಾಪಸಾಯಿತು. ವನಿತಾ ಜೊತೆಗೆ ಅವರ ಮಾವ ಶ್ರೀಕಂಠಯ್ಯನವರೂ ಬಂದರು; ಮೈಸೂರಿನಲ್ಲಿ ಲೈನ್‌ಮನ್ ಆಗಿ ನಿವೃತ್ತರಾಗಿ, ಮೊಮ್ಮಗನನ್ನು ನೋಡಲು ಬಂದಿದ್ದವರು.

"ಎಡಕ್ಕೆ ತಿರುಗೋಕೆ ಜಂಕ್ಷನ್ ಮಧ್ಯೆ ಕಾಯ್ತಿದ್ದೆ ಅಂಕಲ್. ಎಂಜಿನ್ ಆಫ್ ಆಗೋಯ್ತು. ಪುಟ್ಟ ಹಿಂದಿನ ಸೀಟಲ್ಲಿದ್ದ. ಎದುರಿಂದ ಬಂದ ಪಿಕಪ್ ಅವನ ಡೋರಿಗೆ ಇಷ್ಟು ದೂರದಲ್ಲಿ ನಿಲ್ತು." ಎರಡು ಕೈ ಅಗಲಿಸಿ ತೋರಿಸಿದರು. ಆ ಅಂತರದಲ್ಲಿ ಒಂದು ಊಟದ ತಟ್ಟೆ ಇಡಬಹುದಿತ್ತು. "ಸರಿಯಾಗಿದೆ ಅಂತ ನೀವೇ ಹೇಳಿದ್ರಿ. ಇವತ್ತು ಕಾರಣ ಸಿಗದಿದ್ರೆ ಇದು ಗುಜರಿಗೆ. ನಾನಿನ್ನು ಸ್ಟಿಯರಿಂಗ್ ಮುಟ್ಟಲ್ಲ."

ಡ್ರೈವ್ ಮಾಡದೆ ಸೌತ್‌ಲೇಕಿನ ಕೆಲಸವಿಲ್ಲ. ಗಂಡ ಆಗ ಆಸ್ಟಿನ್ನಿನಲ್ಲಿ ಕೆಲಸ ಹುಡುಕುತ್ತಿದ್ದರು. ಆ ಮನೆಗೆ ಬರುತ್ತಿದ್ದದ್ದು ಇವರದೊಂದೇ ಸಂಬಳ.

ಈ ಸಲ ಎಂಜಿನ್ ಬಿಸಿಯಾಗುವವರೆಗೆ ಕಾದೆ. ಐಡಲ್‌ನಲ್ಲಿ ಪ್ಲಸ್ ಮೂವತ್ತೊಂದು. ಎಂಜಿನ್ ನಡುಗುತ್ತಿತ್ತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ಏರಿಸಿದೆ. ಪ್ಲಸ್ ಐದು.

ಸೆನ್ಸರ್ ಕೆಟ್ಟಿದ್ದರೆ ಹೀಗೆ ಇಳಿಯುತ್ತಿರಲಿಲ್ಲ. ಸೆನ್ಸರ್ ದಾಟಿದ ಮೇಲೆ ಎಲ್ಲೋ ತೂತಿದೆ, ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ. ಐಡಲ್‌ನಲ್ಲಿ ಎಂಜಿನ್ ಉಸಿರಾಡುವುದೇ ಸ್ವಲ್ಪ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ವೇಗದಲ್ಲಿ ಅದು ಗಣನೆಗೇ ಬರುವುದಿಲ್ಲ. ಮೊದಲ ದಿನವೇ ಕಾಲು ಒತ್ತಿ ನೋಡಿದ್ದರೆ ತಿಳಿಯುತ್ತಿತ್ತು. "ತಪ್ಪು ನನ್ನದು" ಎಂದೆ.

ಸ್ಮೋಕ್ ಮೆಷಿನ್ ತಂದು ಎಂಜಿನ್ನಿನ ಗಾಳಿದಾರಿಗೆ ಹೊಗೆ ಬಿಟ್ಟೆ. ತೂತಿದ್ದಲ್ಲಿ ಅದು ಹೊರಬರಬೇಕು.

"ಸಾಂಬ್ರಾಣಿ ಹಾಕ್ತಿದ್ದೀರಾ?" ಎಂದರು ಶ್ರೀಕಂಠಯ್ಯ.

"ಹೂಂ ಯಜಮಾನರೇ, ದೆವ್ವ ಬಿಡಿಸೋಕೆ."

ಎಂಜಿನ್ನಿನ ಹಿಂಬದಿ, ಕಣ್ಣು ಹೋಗದ, ಕೈ ಮಾತ್ರ ಹೋಗುವ ಮೂಲೆಯಿಂದ ಹೊಗೆ ಎದ್ದಿತು. ತಡಕಿದೆ. ರಬ್ಬರ್ ಹೋಸೊಂದು ಸೀಳಿತ್ತು, ಸೀಳಿನೊಳಗೆ ತಾಮ್ರದ ತಂತಿ ಹೂತುಕೊಂಡಿತ್ತು. ಬಿಡಿಸಿ ಎಳೆದಾಗ ಒಣಗಿದ ಚೆಂಡುಹೂವಿನ ಎಸಳೂ ಬಂತು.

"ಮಾವ?" ಎಂದರು ವನಿತಾ.

ಶ್ರೀಕಂಠಯ್ಯ ಕನ್ನಡಕ ತೆಗೆದು ಒರೆಸಿದರು. "ಆಯುಧಪೂಜೆ ದಿನ ಹಾರ ಕಟ್ಟಿದ್ದು. ಮಾರನೇ ದಿನ ಹೂ ತೆಗೆದೆ. ತಂತಿ ಮುಂದಿನ ವರ್ಷಕ್ಕೆ ಆಗತ್ತಲ್ಲ ಅಂತ ಬಿಟ್ಟೆ."

"ಬಾನೆಟ್ ಮೇಲೆ ಹಾಕಿದ್ರೆ ಸಾಕಿತ್ತಲ್ಲ ಮಾವ!"

"ಬಾನೆಟ್ ಆಯುಧವೇನಮ್ಮ? ಎಂಜಿನ್ ತಾನೇ?" ಅವರ ದನಿ ಇಳಿಯಿತು. "ಲೈನ್‌ಮನ್ ಗಂಟು, ಸಡಿಲ ಆಗೋದಿಲ್ಲ. ಬಿಸಿಗೆ ರಬ್ಬರ್ ಕೊಯ್ದಿದೆ. ನನ್ನ ಕೈಯಿಂದಲೇ ಮಗು..."

"ನಿಮ್ಮದು ತಂತಿ ಯಜಮಾನರೇ. ನೋಡದೆ ಬೀಗದ ಕೈ ಕೊಟ್ಟವನು ನಾನು."

ಯಾರೂ ಕೈ ಹಾಕಿಲ್ಲ ಎಂದು ವನಿತಾ ಹೇಳಿದ್ದು ಸುಳ್ಳಲ್ಲ. ಪೂಜೆಯನ್ನು ರಿಪೇರಿ ಎಂದು ನಮ್ಮವರು ಯಾರೂ ಕರೆಯುವುದಿಲ್ಲ. ಅದೇ ಊರ ಕಡೆಯ ನಾನು, ದಸರಾ ಮರುವಾರ ಅದನ್ನು ಕೇಳಲೇ ಇಲ್ಲ. ಅಂದಿನಿಂದ ನನ್ನ ಪ್ರಶ್ನೆಪಟ್ಟಿಯಲ್ಲಿ ಇನ್ನೊಂದು ಸಾಲಿದೆ: ಪೂಜೆ ಮಾಡಿದವರು ಯಾರು, ಏನೇನು ಕಟ್ಟಿದರು? ಎಂಜಿನ್ ಬಿಸಿಯಾಗದೆ ಬೀಗದ ಕೈ ಯಾರಿಗೂ ಕೊಟ್ಟಿಲ್ಲ.

ಹೊಸ ಹೋಸ್ ಹಾಕಿ, ಎಂಜಿನ್ ಕಾಯಿಸಿಕೊಂಡು ಅದೇ ಜಂಕ್ಷನ್ನಿಗೆ ಹೋದೆವು. ವನಿತಾ ಸ್ಟಿಯರಿಂಗ್ ಹಿಡಿದರು. ನಾನು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದೆ. ಹಿಂದೆ ಶ್ರೀಕಂಠಯ್ಯ ಮುಂದಿನ ಸೀಟನ್ನು ಹಿಡಿದಿದ್ದರು. ಎಡ ತಿರುವಿನ ಲೇನ್, ಕೆಂಪು ದೀಪ. ಎದುರಿನ ಟ್ರಕ್ಕುಗಳು ಒಂದರ ಹಿಂದೊಂದು ಹಾದುಹೋದವು.

"ಎಷ್ಟಿದೆ ಅಂಕಲ್?"

"ಪ್ಲಸ್ ಎರಡು."

"ಈಗ?"

"ಎರಡೇ."

ಹಸಿರು ಬಂತು. ಕಾರು ತಿರುಗಿತು. ಮರುದಿನ ಬೆಳಿಗ್ಗೆ ವನಿತಾ ಅದೇ ಕಾರಿನಲ್ಲಿ ಸೌತ್‌ಲೇಕಿಗೆ ಕೆಲಸಕ್ಕೆ ಹೋದರು.