ಎರಡು ಅಂಚಿನ ನಡುವಿನ ಬೂದಿ ಬಣ್ಣ

೧೯೪೭ರಲ್ಲಿ ಶಾಲೆ ಬಿಟ್ಟೆ. ದೇಶಕ್ಕೆ ಸ್ವಾತಂತ್ರ್ಯ ಬಂತು, ನನಗೆ ಬೆಟಗೇರಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ. ದುಡಿಮೆಯಲ್ಲಿ ನಾನು ಯಾರಿಗಿಂತಲೂ ಹಿಂದೆ ಬಿದ್ದವನಲ್ಲ. ಏಕೀಕರಣದ ಮರುವರ್ಷ ಮಗ್ಗದ ಮಾಲಕರು ಮೊದಲ ಸಲ ಒಂದು ಸೀರೆಯನ್ನು ಪೂರ್ತಿ ನನ್ನ ಕೈಗೊಪ್ಪಿಸಿದರು. ಮೈ ಬೂದಿ ಬಣ್ಣ, ಒಂದು ಅಂಚು ಕಪ್ಪು, ಇನ್ನೊಂದು ಬಿಳಿ. ಚೆನ್ನಾಗಿ ಬಂದರೆ ಆ ಮಗ್ಗ ನನ್ನದು. ಕೆಟ್ಟರೆ ಮತ್ತೆ ಲಾಳಿಯ ಕಂಡಿಕೆಗೆ ನೂಲು ಸುತ್ತುವುದು.

ನೇಯ್ದು, ರೂಢಿಯಂತೆ ಎರಡೂ ಅಂಚು ಕಾಣುವ ಹಾಗೆ ಮಡಿಚಿ ಮಾಲಕರ ಮುಂದಿಟ್ಟೆ.

"ಏನಲೇ, ಹಾಸಿನ ಉದ್ದೆಳ್ಯಾಗ ಎರಡ್ ನಮೂನಿ ನೂಲು ಕೂಡಿಸಿದೇನು? ಕರೇ ಅಂಚಿನ ಕಡಿ ತಿಳಿ ಐತಿ, ಬಿಳೇ ಅಂಚಿನ ಕಡಿ ಕಪ್ಪಾಗೇತಿ."

"ಇಲ್ರಿ, ಎಲ್ಲಾ ಒಂದ ಬಣ್ಣದ ಗಡಿಗ್ಯಾಗ ಅದ್ದಿದ್ದು."

"ಹಂಗಾರ ನನ್ನ ಕಣ್ಣ ಹೋಗ್ಯಾವೇನು?"

ನನಗೂ ಹಾಗೇ ಕಾಣುತ್ತಿತ್ತು. ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಯಿತು. ಬಿಸಿಲಿಗೆ ಒಯ್ದರೂ ಅಷ್ಟೇ. ಕೊನೆಗೆ ಎರಡೂ ಅಂಚನ್ನು ನನ್ನ ಧೋತರದ ಚುಂಗಿನಿಂದ ಮುಚ್ಚಿದೆ. ಬೂದಿ ಒಂದೇ ಆಯಿತು! ತೆಗೆದರೆ ಮತ್ತೆ ಎರಡು. ಮಾಲಕರು ತಾವೇ ಮುಚ್ಚಿ ತೆಗೆದು ನೋಡಿದರು.

"ಖರೆ ಐತಿ ಬಿಡು. ಆದರ ಕೊಳ್ಳಾಕ ಬಂದಾಕಿ ಮುಂದ ನೀ ಧೋತರ ಬಿಚ್ಚಿ ನಿಂದ್ರತೀಯೇನು? ಸರಿ ಮಾಡಿ ತೋರಸು, ಮಗ್ಗ ನಿಂದು."

ಆಗ ಪಕ್ಕದ ಗದಗಿಗೆ ಮೈಸೂರು ಕಡೆಯ ಕಣ್ಣಿನ ಡಾಕ್ಟರೊಬ್ಬರು ಬಂದಿದ್ದರು. ಸೀರೆಯನ್ನೇ ಒಯ್ದು ತೋರಿಸಿದೆ. ನಕ್ಕರು.

"ಕಣ್ಣಿನ ಹಿಂದಿನ ಪರದೇಲಿ ನರಕೋಶಗಳು ಒತ್ತಾಗಿ ಕೂತಿರ್ತವೆ. ಬೆಳಕು ಬಿದ್ದ ಕಡೆಯವು ಕೆರಳಿ, ಪಕ್ಕದವನ್ನ ಅದುಮ್ತವೆ. ಬಿಳಿ ಪಕ್ಕದ ಬೂದಿಗೆ ಅದುಮಾಟ ಜಾಸ್ತಿ, ಅದಕ್ಕೇ ಕಪ್ಪಾಗಿ ಕಾಣತ್ತೆ. ಕಪ್ಪಿನ ಪಕ್ಕ ಅದುಮೋರು ಕಮ್ಮಿ, ಅಲ್ಲಿ ತಿಳಿಯಾಗಿ ಕಾಣತ್ತೆ."

"ಅದುಮಿ ಏನ್ ಲಾಭರಿ?"

"ಅದುಮದೇ ಹೋದ್ರೆ ನಿಮ್ಮ ಅಂಚು ಇಷ್ಟು ಚೊಕ್ಕವಾಗಿ ಕಾಣ್ತಾನೇ ಇರಲಿಲ್ಲ!"

ದಾರಿಯುದ್ದಕ್ಕೂ ಅದೇ ಯೋಚನೆ. ಮಗ್ಗದಲ್ಲೂ ಅರ್ಧ ಎಳೆ ಮೇಲೆದ್ದರೆ ಅರ್ಧ ಕೆಳಗಿರಬೇಕು. ಎಲ್ಲವೂ ಎದ್ದರೆ ಬಟ್ಟೆಯೇ ಇಲ್ಲ. ಅದುಮಾಟ ತಪ್ಪಿಸಲಾಗದು, ಹಾಗಾದರೆ ಬೂದಿಯ ಎರಡೂ ಬದಿಗೆ ಒಂದೇ ಬಣ್ಣವನ್ನು ಕೂಡಿಸಿ ಅದನ್ನು ಸಮ ಮಾಡಿದರೆ? ಮುಂದಿನ ಸೀರೆಯ ಹಾಸಿನಲ್ಲಿ ಬೂದಿಗೂ ಅಂಚಿಗೂ ನಡುವೆ, ಎರಡೂ ಕಡೆ, ಬೆರಳಗಲ ಕೆಂಪು ಎಳೆ ಹಾಕಿದೆ. ಮಡಿಚಿಟ್ಟೆ. ಮಾಲಕರು ಅಂಚು ಮುಚ್ಚಿ ತೆಗೆದು ನೋಡಿದರು, ಎರಡು ಸಲವೂ ಬೂದಿ ಒಂದೇ.

"ಆತು. ಕುಂಡ್ರು ಮಗ್ಗಕ್ಕ."

ಈಗ ನನಗೆ ನಾಲ್ಕು ಮಗ್ಗ, ಒಂದು ಮನೆ, ಎರಡು ಕಣ್ಣು. ಒಂದಕ್ಕೆ ಪೊರೆ ಬಂದಿದೆ, ಇನ್ನೊಂದು ಈಗಲೂ ಒಂದೇ ಬೂದಿಯನ್ನು ಎರಡಾಗಿ ಕಾಣುತ್ತದೆ.