ಅಪ್ಪನ ಪೆನ್ನಿನ ಅಳತಿ

ಗದಗಿನ ಗುಜರಿ ಅಂಗಡ್ಯಾಗ ಸಿಕ್ಕ ಹಳೇ ಪೆನ್ನನ್ನ ಇವತ್ತ ಬಿಸಿನೀರಾಗ ಅದ್ದಿದೆ. ಒಣಗಿದ್ದ ಶಾಯಿ ಕರಗಿ ವಾಸನಿ ಎದ್ದಿತು ನೋಡ್ರಿ, ಮುಂಡರಗಿಯ ನಮ್ಮ ಮನಿ ಕಣ್ಣಮುಂದ ಬಂತು.

ಅಪ್ಪ ಸಾಲಿ ಮಾಸ್ತರ. ಅವ ಜಳಕ ಮಾಡಿ ಬರೂದ್ರಾಗ ಅವ್ವ ಪೆನ್ನಿಗೆ ಶಾಯಿ ತುಂಬಿ ಅಂಗಿ ಕಿಸೇದಾಗ ಸಿಗಿಸಿರತಿದ್ಲು. ಆ ಪೆನ್ನು ಸೋರತಿತ್ತು. ಸಂಜಿಕ ನೀಲಿ ಆದ ಕಿಸೇಕ್ಕ ಬೈಕೋತ ನಿಂಬಿಹಣ್ಣು ತಿಕ್ಕತಿದ್ಲು. ನಾ ಕೈ ಹಾಕಿದ್ರ ಅಪ್ಪ, "ಮುಟ್ಟಬ್ಯಾಡಲೇ, ನಿಬ್ಬು ನನ್ನ ಕೈಗೆ ಸವದೈತಿ" ಅಂತಿದ್ದ.

ನಾ ಇನ್ನೂ ಸಾಲಿ ಕಲಿಯೂವಾಗ ಅಪ್ಪ ಎದಿನೋವು ಬಂದು ತೀರಿಕೊಂಡ. ಮಣ್ಣಿಗೆ ಒಯ್ಯೂಕಿಂತ ಮೊದಲ ಪಡಸಾಲ್ಯಾಗ ಗ್ವಾಡಿಗೆ ಆನಿಸಿ ಕುಂಡ್ರಿಸಿದ್ರು. ಅವ್ವ ಒಳಗ ಹೋಗಿ ಪೆನ್ನಿಗೆ ಶಾಯಿ ತುಂಬಿಕೊಂಡು ಬಂದು ಅವನ ಕಿಸೇಕ್ಕ ಸಿಗಿಸಿದ್ಲು. "ಶಾಯಿ ತೀರಿದ್ರ ಅಲ್ಲಿ ಯಾರನ್ನ ಕೇಳ್ತಾರ ಅವರು?" ಅಂದ್ಲು.

ಸ್ವಲ್ಪ ಹೊತ್ತಿಗೆ ಬಿಳಿ ಅಂಗಿ ಮ್ಯಾಲೆ ನೀಲಿ ಹರಡಾಕ ಹತ್ತಿತು. ಕಾಕಾ ಬಗ್ಗಿ, "ತಗೀಲೇನ್ರಿ ವೈನಿ?" ಅಂದ.

"ಇರಲಿ ಬಿಡಪ್ಪಾ, ಇನ್ನ ನಾ ಒಗಿಯೂದಿಲ್ಲ."

ಆ ಪೆನ್ನು ಅಪ್ಪನ ಜೋಡಿನ ಮಣ್ಣಿಗೆ ಹೋತು. ಅಂಥಾ ಪೆನ್ನು ಹುಡುಕೋತನ ನನ್ನ ಮನಿ ಪೆನ್ನಿನಿಂದ ತುಂಬೇತಿ. ಎಲ್ಲಾಕ್ಕೂ ಸಾಗವಾನಿ ಪೆಟ್ಟಿಗಿ ನಾನ ಮಾಡೀನಿ. ಇವತ್ತಿನ ಪೆನ್ನಿಲೇನೂ ಬರದು ನೋಡಿದೆ. ಅದೂ ಯಾರದೋ ಕೈಗೆ ಸವದೈತಿ.

ಎಲ್ಲಕ್ಕಿಂತ ಮೊದಲ ಮಾಡಿದ ಪೆಟ್ಟಿಗಿ ಅಪ್ಪನ ಪೆನ್ನಿಂದು. ನೆನಪಿನ ಅಳತೀಲೆ ಕೊರದದ್ದು, ಖಾಲೀನ ಐತಿ. ಆ ಅಳತಿ ಖರೆ ಐತೋ ಇಲ್ಲೋ ಕೇಳೂಣು ಅಂದ್ರ ಈಗ ಅವ್ವನೂ ಇಲ್ಲ.